ನಮ್ಮ ಸೀಮೆಯಲ್ಲಿ ಛಾಯಾಯಂತ್ರ ಮತ್ತು ಮಸೂರಗಳ ಆಯ್ಕೆ

ಸಾಧನವು ಸಾಧ್ಯವನ್ನು ಅನುಸರಿಸತಕ್ಕುದೋ, ಸಾಧ್ಯವೇ ಸಾಧನವನ್ನು ಅನುಸರಿಸತಕ್ಕುದೋ ಎಂಬ ವಿಚಾರವು ಛಾಯಾಗ್ರಹಣದಲ್ಲಿ ಎದ್ದು ಕಾಣುವಷ್ಟು ಬೇರೆ ಕಲೆಗಳಲ್ಲಿ ಕಾಣದು. ಕವಿಗೆ ಕಂಟವಾದರೂ ಆಗಬಹುದು, ಲೇಖನಿಯಾದರೂ ಆಗಬಹುದು. ಕಾವ್ಯವು ಅದರಿಂದ ಕೆಡುವುದಿಲ್ಲ. ಛಾಯಾಗ್ರಾಹಕನಿಗಾದರೋ ಯಂತ್ರವು ಒಪ್ಪದಿದ್ದರೆ ಕಣ್ಣಿಗೆ ಕಂಡದ್ದೂ ಕೈಗೆ ಬಾರದು. ಯಾವ ಕ್ಯಾಮರಾ ಕೊಳ್ಳಬೇಕು, ಯಾವ ಲೆನ್ಸು ಕೊಳ್ಳಬೇಕು ಎಂಬ ಚರ್ಚೆಯು ಮೂಡಿಗೆರೆ, ಕಳಸ, ಹೊರನಾಡು ಸೀಮೆಯ ಅನೇಕ ಮನೆಗಳಲ್ಲಿ ಈಗ ನಡೆಯುತ್ತಿರುವುದುಂಟು; ಸಣ್ಣ ಹಿಡುವಳಿದಾರನ ಒಂದು ಬೆಳೆಯ ಕಾಫಿಯ ಹಣವು ಒಂದೇ ಮಸೂರಕ್ಕೆ ಸಂದುಹೋಗುವುದೂ ಉಂಟು. ಅದಕ್ಕೆ ಉತ್ತರವನ್ನು ಬೆಲೆಪಟ್ಟಿಯಲ್ಲಿ ಹುಡುಕುವುದಕ್ಕಿಂತ, ನಮ್ಮ ನಾಡಿನಲ್ಲಿ ಈ ಕೆಲಸವನ್ನು ಮಾಡಿದವರ ಚರಿತ್ರೆಯಲ್ಲಿ ಹುಡುಕುವುದು ಮೇಲೆಂದು ತೋರುತ್ತದೆ.

ಮೊದಲು ಹೆಸರುಗಳ ಮಾತು. ಕ್ಯಾಮರಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕೋಣೆ. ಲೆನ್ಸ್ ಎಂದರೆ ಚನ್ನಂಗಿ ಬೇಳೆ. ಸಂಸ್ಕೃತದಲ್ಲಿಯೂ ಆ ಬೇಳೆಗೆ ಮಸೂರವೆಂದೇ ಹೆಸರು. ಎರಡು ಕಡೆಯೂ ಉಬ್ಬಿದ ಗಾಜಿನ ಬಿಲ್ಲೆಯು ಬೇಳೆಯಂತಿರುವುದೇ ಇದಕ್ಕೆ ಕಾರಣ. ಕತ್ತಲೆಯ ಕೋಣೆಯೊಂದು, ಅದಕ್ಕೆ ಬೆಳಕು ತರುವ ಬೇಳೆಯೊಂದು, ಛಾಯಾಯಂತ್ರವೆಂದರೆ ಇಷ್ಟೇ. ಇವೆರಡರಲ್ಲಿ ಯಾವುದಕ್ಕೆ ಪ್ರಾಧಾನ್ಯವೆಂಬುದು ಮುಂದೆ ತಾನಾಗಿ ತಿಳಿಯುವುದು.

ನಮ್ಮ ಸೀಮೆಗೆ ಸಮೀಪದ ಮೊದಮೊದಲ ಛಾಯಾಗ್ರಹಣವು ನಡೆದದ್ದು ಹಳೇಬೀಡು ಬೇಲೂರುಗಳಲ್ಲಿ. ಮದರಾಸು ಸೈನ್ಯದಲ್ಲಿದ್ದ ಲಿನ್ನೇಯಸ್ ಟ್ರೈಪ್ ಎಂಬ ಅಧಿಕಾರಿಯು ೧೮೫೪ರ ಡಿಸೆಂಬರಿನಲ್ಲಿ, ವೈದ್ಯನಾಗಿದ್ದ ಆಂಡ್ರ್ಯೂ ನೀಲ್ ಎಂಬಾತನೊಡನೆ ಅಲ್ಲಿಗೆ ಬಂದು ಹೊಯ್ಸಳ ದೇವಾಲಯಗಳ ಚಿತ್ರಗಳನ್ನು ತೆಗೆದನು. ೧೮೫೫ರ ಮದರಾಸು ಪ್ರದರ್ಶನದಲ್ಲಿ ಟ್ರೈಪನ ಚಿತ್ರಗಳು ತೀರ್ಪುಗಾರರ ಮೆಚ್ಚುಗೆಯನ್ನು ಪಡೆದುವು. ಮೈಸೂರು ಸಂಸ್ಥಾನದಲ್ಲಿ ಆಗಿನ್ನೂ ರೈಲು ಇರಲಿಲ್ಲವೆಂಬುದನ್ನು ವಾಚಕರು ನೆನೆಯಬೇಕು.

ಆ ಕಾಲದ ಛಾಯಾಗ್ರಾಹಕನ ಮುಂದೆ ಎರಡು ಮಾರ್ಗಗಳಿದ್ದುವು. ಟಾಲ್ಬಟ್ ಮಹಾಶಯನು ೧೮೪೧ರಲ್ಲಿ ಪ್ರಕಟಿಸಿದ ಕಾಗದದ ಪಡಿಯಚ್ಚಿನದು ಒಂದು; ಆರ್ಚರನು ೧೮೫೧ರಲ್ಲಿ ಪ್ರಕಟಿಸಿದ ಗಾಜಿನ ಫಲಕದ್ದು ಇನ್ನೊಂದು. ಗಾಜಿನಲ್ಲಿ ಸೂಕ್ಷ್ಮ ವಿವರಗಳು ಅತಿ ಸ್ಪಷ್ಟವಾಗಿ ಮೂಡುತ್ತಿದ್ದುವು. ಆದರೆ ಫಲಕಕ್ಕೆ ದ್ರವವನ್ನು ಲೇಪಿಸಿ, ಅದು ಹಸಿಯಾಗಿರುವಾಗಲೇ ಚಿತ್ರವನ್ನು ಹಿಡಿದು, ಕೆಲವೇ ನಿಮಿಷಗಳೊಳಗೆ ಕತ್ತಲೆಯ ಡೇರೆಯಲ್ಲಿ ಸಂಸ್ಕರಿಸಬೇಕಾಗುತ್ತಿತ್ತು. ನಮ್ಮ ಸೆಕೆಯಲ್ಲಿ ಲೇಪವು ಬೇಗನೆ ಒಣಗುತ್ತಿತ್ತು; ಡೇರೆ, ಔಷಧಗಳು, ಗಾಜುಗಳು ಎಲ್ಲವನ್ನೂ ಹೊತ್ತು ಸಾಗಿಸಬೇಕಿತ್ತು. ಮೇಣ ಹತ್ತಿಸಿದ ಕಾಗದವನ್ನಾದರೋ ಮುಂಚಿತವಾಗಿ ಸಿದ್ಧಪಡಿಸಿ ಕೆಲವು ದಿನ ಇಟ್ಟುಕೊಳ್ಳಬಹುದಿತ್ತು. ಭಾರವೂ ಕಡಿಮೆ, ಒಡೆಯುವ ಭಯವೂ ಇಲ್ಲ. ಟ್ರೈಪನು ಕಾಗದವನ್ನು ಆರಿಸಿಕೊಂಡನು. ಕಾಗದದ ನಾರು ಚಿತ್ರದಲ್ಲಿ ಸ್ವಲ್ಪ ಕಾಣಿಸಿಕೊಳ್ಳುವುದು ನಿಜ. ಆದರೂ ದೇವಾಲಯದ ಒಟ್ಟು ಆಕಾರ, ನೆರಳು ಬೆಳಕುಗಳ ಗಾಂಭೀರ್ಯ, ಇವಕ್ಕೆ ಅದರಿಂದ ಕುಂದಾಗಲಿಲ್ಲ. ಬೆಳಕನ್ನು ಕಾಗದವು ಬಹು ನಿಧಾನವಾಗಿ ಗ್ರಹಿಸುತ್ತಿದ್ದುದರಿಂದ ನಡೆದಾಡುವ ಜನರು ಚಿತ್ರದಲ್ಲಿ ಉಳಿಯುತ್ತಿರಲಿಲ್ಲ. ಒಂದನ್ನು ಆರಿಸಿಕೊಂಡವನು ಮತ್ತೊಂದನ್ನು ಬಿಟ್ಟುಕೊಡಲೇಬೇಕು. ಗುಡಿಯು ಉಳಿದು, ಗುಡಿಗೆ ಬಂದವರು ಅಳಿದುಹೋದರು.

ಟ್ರೈಪನ ಸಮಕಾಲೀನನಾದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ೧೮೫೬ರ ಸುಮಾರಿನಲ್ಲಿ ದೊಡ್ಡ ಅಳತೆಯ ಮೇಣದ ಕಾಗದಗಳಲ್ಲಿ ಹಂಪೆಯ ಚಿತ್ರಗಳನ್ನು ತೆಗೆದನು. ಆ ಪಡಿಯಚ್ಚುಗಳು ಶತಮಾನಕ್ಕೂ ಮಿಗಿಲಾದ ಅವಧಿಯ ತರುವಾಯ ಮತ್ತೆ ಬೆಳಕಿಗೆ ಬಂದುವು. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ೧೯೮೩ರಲ್ಲಿ ಅದೇ ಸ್ಥಳಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಪುನಃ ತೆಗೆದರು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವಿದ್ದಿತು, ಈಗ ಇಲ್ಲ. ಅದು ಹೇಗಿದ್ದಿತೆಂಬುದನ್ನು ನಾವಿಂದು ನೋಡಬೇಕಾದರೆ ಗ್ರೀನ್‌ಲಾನ ಕಾಗದವು ಒಂದು ಆಧಾರ. ಯಂತ್ರದ ಆಯ್ಕೆಯೆಂಬುದು ಹವ್ಯಾಸದ ಮಾತಷ್ಟೇ ಅಲ್ಲ, ಮುಂದಿನವರಿಗೆ ಏನು ಉಳಿಯುವುದೆಂಬುದರ ನಿರ್ಣಯವೂ ಹೌದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಬೇಲೂರಿನಂತಹ ದೇವಾಲಯಗಳು ಮಸೂರಕ್ಕೂ ಒಂದು ಪರೀಕ್ಷೆ. ಎತ್ತರದ ಗೋಪುರವನ್ನು ಹಿಡಿಯಲೆಂದು ಯಂತ್ರವನ್ನು ಮೇಲ್ಮೊಗವಾಗಿ ಓರೆಮಾಡಿದರೆ ಗೋಪುರವು ಹಿಂದಕ್ಕೆ ವಾಲಿದಂತೆ ಚಿತ್ರದಲ್ಲಿ ಕಾಣುವುದು. ಆದುದರಿಂದ ಪೂರ್ವದ ವಾಸ್ತು ಛಾಯಾಗ್ರಾಹಕರು ತಿದಿಯುಳ್ಳ ಮರದ ಪೆಟ್ಟಿಗೆಯ ಯಂತ್ರವನ್ನು ಬಳಸುತ್ತಿದ್ದರು. ಅದರಲ್ಲಿ ಫಲಕವನ್ನು ನೆಟ್ಟಗೆ ನಿಲ್ಲಿಸಿ ಮಸೂರವನ್ನು ಮಾತ್ರ ಮೇಲಕ್ಕೆ ಸರಿಸಬಹುದು. ಕಂಬಗಳು ನೇರವಾಗಿಯೇ ನಿಲ್ಲುವುವು. ಒಳಗಿನ ನವರಂಗದ ಇಕ್ಕಟ್ಟಿನಲ್ಲಿ ಹಿಂದೆ ಸರಿಯಲು ಎಡೆಯಿಲ್ಲದೆಡೆ ವಿಶಾಲ ಕೋನದ ಮಸೂರವೇ ಬೇಕು. ಮೈಸೂರು ಪ್ರಾಚ್ಯವಸ್ತು ಇಲಾಖೆಯಿಂದ ಆರ್. ನರಸಿಂಹಾಚಾರ್ಯರು ಸೋಮನಾಥಪುರ ಬೇಲೂರುಗಳ ಮೇಲೆ ಹೊರತಂದ ಗ್ರಂಥಗಳ ಚಿತ್ರಗಳನ್ನು ನೋಡಿದವರು, ಇಂತಹ ಕೆಲಸಕ್ಕೆ ವೇಗಕ್ಕಿಂತ ತಾಳ್ಮೆಯೂ ಮುಕ್ಕಾಲಿಯೂ ಮುಖ್ಯವೆಂಬುದನ್ನು ಒಪ್ಪದಿರರು.

ಕಲ್ಲು ಕಾದು ನಿಲ್ಲುತ್ತದೆ, ಹಕ್ಕಿಯು ನಿಲ್ಲುವುದಿಲ್ಲ. ದೇವಾಲಯದಿಂದ ಕಾಡಿಗೆ ಹೊರಳಿದಾಗ ಆಯ್ಕೆಯ ಸೂತ್ರವೇ ಬದಲಾಗುತ್ತದೆ. ೧೯೪೦ರ ದಶಕದಲ್ಲಿ ಸಂಡೂರು ಸಂಸ್ಥಾನದ ಸೇವೆಯಲ್ಲಿದ್ದ ಎಂ. ಕೃಷ್ಣನ್ (೧೯೧೨–೧೯೯೬) ಅವರ ಯಂತ್ರದ ಕಥೆ ಇಲ್ಲಿ ಸ್ಮರಣೀಯ. ಒಂದು ತಯಾರಿಕೆಯ ಒಡಲು, ಇನ್ನೊಂದು ತಯಾರಿಕೆಯ ದೂರಮಸೂರ, ಮಿಕ್ಕ ಭಾಗಗಳು ಮತ್ತೆಲ್ಲಿಯವೋ. ಇವೆಲ್ಲವನ್ನೂ ತಾವೇ ಜೋಡಿಸಿಕೊಂಡು ಅದಕ್ಕೆ ‘ಸೂಪರ್ ಪಾಂಡರೋಸಾ’ ಎಂದು ವಿನೋದವಾಗಿ ಹೆಸರಿಟ್ಟಿದ್ದರು. ಅದನ್ನು ಕಂಡ ಇ. ಪಿ. ಗೀ ಎಂಬ ನಿಸರ್ಗಜ್ಞರು, ಎಲ್ಲಿಯೋ ಒಂದು ತಂತಿಯನ್ನೂ ಬಿಗಿದಿರಲೇಬೇಕೆಂದು ಪರಿಹಾಸ ಮಾಡಿ ಬರೆದಿದ್ದಾರೆ. ಆದರೆ ಆ ಯಂತ್ರದಿಂದಲೇ ಆನೆಗಳ ಕಪ್ಪು ಬಿಳುಪಿನ ಅಪೂರ್ವ ಚಿತ್ರಗಳು ಹುಟ್ಟಿದುವು. ಸಂಡೂರಿನವರೇ ಆದ ಎಂ. ವೈ. ಘೋರ್ಪಡೆಯವರು (೧೯೩೧–೨೦೧೧) ರಾಜಕಾರಣದ ನಡುವೆಯೂ ಕಾಡುಪ್ರಾಣಿಗಳ ಚಿತ್ರಗಳನ್ನು ತೆಗೆದು ೧೯೮೩ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (೧೯೩೨–೨೦೧೭) ಅವರು ಮಿಂಚುದೀಪದ ಸಹಾಯದಿಂದ ರಾತ್ರಿಯ ಜೀವಿಗಳನ್ನು ಸೆರೆಹಿಡಿಯುವುದರಲ್ಲಿ ನಿಷ್ಣಾತರಾಗಿದ್ದರು. ನಮ್ಮ ಮೂಡಿಗೆರೆಯ ಕಾಫಿ ತೋಟದಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರಂತೂ (೧೯೩೮–೨೦೦೭) ಸಾಹಿತ್ಯದಷ್ಟೇ ಶ್ರದ್ಧೆಯಿಂದ ಹಕ್ಕಿಗಳ ಛಾಯಾಗ್ರಹಣವನ್ನು ನಡಸಿದವರು.

ತೋಟದ ಹಕ್ಕಿಯ ಚಿತ್ರವು ಏಕೆ ಕಠಿನವೆಂಬುದಕ್ಕೆ ಸ್ವಲ್ಪ ಗಣಿತ ಬೇಕು. ೨೪ ಮಿಲಿಮೀಟರ್ ಎತ್ತರ ೩೬ ಮಿಲಿಮೀಟರ್ ಅಗಲದ ಫಿಲ್ಮಿಗೆ ೫೦ ಮಿಲಿಮೀಟರ್ ಸಂಗಮದೂರದ ಮಸೂರವು ಸಾಮಾನ್ಯವಾದುದು. ೪೦೦ ಮಿಲಿಮೀಟರಿನದು ಹಕ್ಕಿಯನ್ನು ಅದರ ಎಂಟರಷ್ಟು ದೊಡ್ಡದಾಗಿ ತೋರಿಸುವುದು. ಕೈಯ ನಡುಕವನ್ನೂ ಎಂಟರಷ್ಟು ಮಾಡಿ ತೋರಿಸುವುದು. ಆದುದರಿಂದ ಮುಕ್ಕಾಲಿಯಿಲ್ಲದೆ ಕೈಯಲ್ಲಿ ಹಿಡಿದಾಗ ಸೆಕೆಂಡಿನ ೪೦೦ನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಲ ಕವಾಟವನ್ನು ತೆರೆದಿಡಬಾರದೆಂಬ ಹಳೆಯ ರೂಢಿ ಹುಟ್ಟಿತು. ಅಷ್ಟು ಅಲ್ಪಕಾಲದಲ್ಲಿ ಬೆಳಕು ಸಾಲಬೇಕಾದರೆ ಮಸೂರದ ಬಾಯಿ ಅಗಲವಾಗಿರಬೇಕು. ೪೦೦ ಮಿಲಿಮೀಟರಿನ ಮಸೂರಕ್ಕೆ ‘ಎಫ್ ೮’ ಎಂಬ ಅಳತೆಯಾದರೆ ೫೦ ಮಿಲಿಮೀಟರ್ ವ್ಯಾಸದ ಬಾಯಿ ಸಾಕು. ‘ಎಫ್ ೪’ ಆಗಬೇಕಾದರೆ ೧೦೦ ಮಿಲಿಮೀಟರ್, ಎಂದರೆ ನಾಲ್ಕು ಅಂಗುಲದಷ್ಟು ಗಾಜು ಬೇಕು. ಬೆಳಕು ನಾಲ್ಕುಪಟ್ಟು ಹೆಚ್ಚುವುದು. ತೂಕವೂ ಬೆಲೆಯೂ ಬಹಳವಾಗಿ ಏರುವುವು. ಬಯಲುಸೀಮೆಯ ಕೆರೆಯ ಏರಿಯ ಮೇಲೆ ‘ಎಫ್ ೮’ ಧಾರಾಳವಾಗಿ ಸಾಕಾದೀತು. ಹಾಲವಾಣ, ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಸಿಳ್ಳಾರವು ಹಾಡುವ ಮುಂಜಾವಿನಲ್ಲಿ ಅದು ಸಾಲದು. ಬೇರೆ ಊರಿನವರ ಅನುಭವವು ನಮ್ಮ ತೋಟಕ್ಕೆ ಪ್ರಮಾಣವಲ್ಲ.

ಹಣವಿಲ್ಲದವನಿಗೆ ಇನ್ನೊಂದು ಉಪಾಯವುಂಟು. ಇಪ್ಪತ್ತು ಅಡಿಯಿಂದ ಹತ್ತು ಅಡಿಗೆ ಸಮೀಪಿಸಿದರೆ ಹಕ್ಕಿಯು ಚಿತ್ರದಲ್ಲಿ ಇಮ್ಮಡಿಯಾಗುವುದು. ಸಂಗಮದೂರವನ್ನು ಇಮ್ಮಡಿಸಿದ ಫಲವೇ ಇದರಿಂದಲೂ ಲಭ್ಯ. ಪೂರ್ವದವರು ಮರೆಯನ್ನು ಕಟ್ಟಿಕೊಂಡು ಗಂಟೆಗಟ್ಟಲೆ ಕುಳಿತದ್ದು ಇದಕ್ಕಾಗಿಯೇ. ಆದರೆ ಗೂಡಿನ ಬಳಿ ಮರೆ ಕಟ್ಟುವುದರಿಂದ ತಾಯಿಹಕ್ಕಿಯು ಗೂಡನ್ನೇ ತೊರೆಯಬಹುದು. ನೀರಿನ ತಾಣ, ಹಣ್ಣು ಬಿಟ್ಟ ಮರ, ಇವುಗಳ ಬಳಿ ಕಾಯುವುದೇ ಧರ್ಮ.

ಒಡಲು ಮಸೂರಗಳ ಪ್ರಾಧಾನ್ಯದ ಪ್ರಶ್ನೆಗೂ ಚರಿತ್ರೆಯೇ ಉತ್ತರ ಕೊಡುತ್ತದೆ. ೧೯೫೯ರಲ್ಲಿ ನಿಕಾನ್ ಕಂಪನಿಯು ತನ್ನ ‘ಎಫ್’ ಯಂತ್ರಕ್ಕೆ ಇಟ್ಟ ಮಸೂರದ ಕೊಂಡಿಯನ್ನು ಆ ಜಾತಿಯ ಮುಂದಿನ ಯಂತ್ರಗಳಲ್ಲಿಯೂ ಉಳಿಸಿಕೊಂಡು ಬಂದಿತು. ಕ್ಯಾನನ್ ಕಂಪನಿಯು ೧೯೮೭ರಲ್ಲಿ ಕೊಂಡಿಯನ್ನೇ ಬದಲಿಸಿದುದರಿಂದ ಹಳೆಯ ಮಸೂರಗಳು ಹೊಸ ಒಡಲಿಗೆ ಹೊಂದದೆ ಹೋದುವು. ೧೯೯೯ರ ನಿಕಾನ್ ‘ಡಿ ೧’ ಮೊದಲಾದ ಡಿಜಿಟಲ್ ಯಂತ್ರಗಳು ಬಂದ ಮೇಲೆ ಒಡಲಿನ ಆಯುಷ್ಯ ಇನ್ನೂ ಕುಗ್ಗಿತು. ಕೆಲವೇ ವರ್ಷಗಳಲ್ಲಿ ಅದು ಹಳತೆನಿಸುವುದು. ಒಳ್ಳೆಯ ಗಾಜಾದರೋ ತಲೆಮಾರು ಬಾಳುವುದು. ಆದುದರಿಂದ ಹಣದ ಹೆಚ್ಚಿನ ಪಾಲು ಮಸೂರಕ್ಕೆ, ಅದಕ್ಕೂ ಮೊದಲು ಕೊಂಡಿಯ ವಿಚಾರಕ್ಕೆ ಗಮನ ಎಂಬ ಕ್ರಮವೇ ಯುಕ್ತವಾದುದು.

ಆದರೆ ಆ ಗಾಜಿಗೂ ನಮ್ಮ ಮಲೆನಾಡಿನಲ್ಲಿ ಒಂದು ಶತ್ರುವುಂಟು, ಅದೇ ಬೂಷ್ಟು. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಯಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಮಸೂರದ ಮೇಲೆ ಜೇಡರಬಲೆಯಂತೆ ಅದು ಹಬ್ಬಿ, ಲೇಪವನ್ನು ತಿಂದು, ಕೊನೆಗೆ ಗಾಜನ್ನೇ ಕೊರೆಯುವುದು. ಓಲೆಗರಿಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಕಾಪಾಡಿದ ಹಿರಿಯರ ಉಪಾಯ ಇಲ್ಲಿ ಸಲ್ಲದು, ಹೊಗೆಯೂ ಗಾಜಿಗೆ ಹಗೆಯೇ. ಗಾಳಿಯಾಡದ ಡಬ್ಬಿಯಲ್ಲಿ ತೇವವನ್ನು ಹೀರುವ ಸಿಲಿಕಾ ಹರಳುಗಳೊಡನೆ ಇಡುವುದು, ಹರಳುಗಳನ್ನು ಆಗಾಗ ಬಿಸಿಮಾಡಿ ಒಣಗಿಸುವುದು, ಬಿಸಿಲು ಕಂಡ ದಿನ ಮಸೂರವನ್ನು ಹೊರತೆಗೆದು ಬಳಸುವುದು. ಇಷ್ಟನ್ನು ಮಾಡಲಾರದವನು ಬೆಲೆಬಾಳುವ ಮಸೂರವನ್ನು ಕೊಳ್ಳದಿರುವುದೇ ಲೇಸು.

ಇನ್ನು ನಮ್ಮ ತರುಣರಿಗೆ ಒಂದು ಮಾತು. ದೂರಮಸೂರವನ್ನು ಬೇಡದ ವಸ್ತುಗಳೇ ನಮ್ಮಲ್ಲಿ ಹೆಚ್ಚು ಬೇಗನೆ ಮರೆಯಾಗುತ್ತಿವೆ: ಕೆಡವುತ್ತಿರುವ ತೊಟ್ಟಿಮನೆಗಳು, ಗದ್ದೆಯಂಚಿನ ವೀರಗಲ್ಲುಗಳು, ಪಾಚಿ ಹಿಡಿದ ಶಾಸನಗಳು. ಶಾಸನದ ಅಕ್ಷರಗಳಿಗೆ ಬೇಕಾದುದು ದುಬಾರಿಯ ಗಾಜಲ್ಲ, ಓರೆಯ ಬೆಳಕು. ಸೂರ್ಯನು ಇಳಿದಾಗ ಪಕ್ಕದಿಂದ ಬೀಳುವ ಬಿಸಿಲಿನಲ್ಲಿಯೋ, ಕತ್ತಲೆಯಾದ ಮೇಲೆ ಪಕ್ಕದಲ್ಲಿ ಹಿಡಿದ ಕೈದೀಪದಲ್ಲಿಯೋ ಸವೆದ ಅಕ್ಷರವೂ ನೆರಳಿನಿಂದ ಮೇಲೇಳುವುದು. ಕಿಸೆಯಲ್ಲಿರುವ ಮೊಬೈಲಿನ ಯಂತ್ರವೇ ಆ ಕೆಲಸಕ್ಕೆ ಸಾಕು. ಚಿತ್ರದೊಡನೆ ಊರಿನ ಹೆಸರು, ಕಲ್ಲು ನಿಂತ ಸ್ಥಳ, ತಾರೀಖು, ಪಕ್ಕದಲ್ಲಿ ಒಂದು ಅಳತೆಯ ಕೋಲು ಇವಿಷ್ಟು ಸೇರಿದರೆ, ಗ್ರೀನ್‌ಲಾನ ಕಾಗದವು ಕಲ್ಲಿನ ರಥಕ್ಕೆ ಮಾಡಿದ ಉಪಕಾರವನ್ನು ನಮ್ಮ ಊರಿನ ಕಲ್ಲುಗಳಿಗೆ ನಾವು ಮಾಡಿದಂತಾಗುವುದು.