ದಬ್ಬಳ
ಗೋಣಿಚೀಲ ಹೊಲಿಯುವ ದಪ್ಪ ಸೂಜಿಯೇ ದಬ್ಬಳ. ದಬ್ಬಣ ಎಂಬ ರೂಪವೂ ಉಂಟು. ತೆಲುಗಿನ ದಬ್ಬನಂ, ಮರಾಠಿಯ ದಾಭಣ ಇದರ ನೆಂಟರು. ಚಮ್ಮಾರರ ಉಳಿ ತೊಗಲಿಗೆ ತೂತು ಕೊರೆಯುತ್ತದೆ. ದಬ್ಬಳ ತೂತು ಮಾಡಿ, ಹಿಂದೆಯೇ ದಾರವನ್ನೂ ಎಳೆದು ತರುತ್ತದೆ. ಚಮ್ಮಾರ ವಚನಕಾರ ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗೂಂಟಗಳಿವೆ. ಕಸುಬಿನ ಹತಾರವನ್ನು ದೇವರ ಹೆಸರಿನ ಜೊತೆಗಿಟ್ಟ ಆ ಶರಣ ದೊಡ್ಡವನು.

ಮೂಡಿಗೆರೆ, ಕಳಸದ ಕಡೆ ಕಾಫಿ ಕೊಯ್ಲು ಮುಗಿದು ಕಣದಲ್ಲಿ ಹಣ್ಣು ಒಣಗಿದರೆ ದಬ್ಬಳಕ್ಕೆ ಕೆಲಸ. 50 ಕೆ.ಜಿ. ತುಂಬಿದ ಚೀಲದ ಬಾಯಿ ಮಡಚಿ, ಸೆಣಬಿನ ಹುರಿ ಪೋಣಿಸಿ, ಓರೆಯಾಗಿ ಚುಚ್ಚಿ ಬಿಗಿಯುತ್ತಾರೆ. ಎತ್ತಲು ಹಿಡಿ ಸಿಗಲೆಂದು ಎರಡೂ ಮೂಲೆಗೆ ಕಿವಿ ಬಿಡುತ್ತಾರೆ. ಈಗ ಹೊಲಿಗೆ ಯಂತ್ರ ಬಂದಿದೆ. ನಿಮ್ಮ ತೋಟದಲ್ಲಿ ದಬ್ಬಳಕ್ಕೆ ಬೇರೆ ಹೆಸರಿದ್ದರೆ ದಯವಿಟ್ಟು ಬರೆದಿಡಿ.