‘ಸಂಗಾತಿ ಬೇಕಾಗಿದೆ’: ನಾಲ್ಕು ಸಾಲುಗಳ ಮುನ್ನೂರು ವರ್ಷ

1695ರ ಜುಲೈ 19ರಂದು ಲಂಡನ್ನಿನ ವಾರಪತ್ರಿಕೆಯೊಂದರಲ್ಲಿ ಒಂದು ವಿಚಿತ್ರ ಪ್ರಕಟಣೆ ಅಚ್ಚಾಯಿತು. ಸುಮಾರು 30 ವರ್ಷದ, ಒಳ್ಳೆಯ ಆಸ್ತಿ ಇದೆಯೆಂದು ಹೇಳಿಕೊಳ್ಳುವ ಗೃಹಸ್ಥನೊಬ್ಬ ಹೆಚ್ಚುಕಡಿಮೆ 3,000 ಪೌಂಡ್ ಸಂಪತ್ತುಳ್ಳ ತರುಣಿಯನ್ನು ವಿವಾಹವಾಗಲು ಸಿದ್ಧನಿದ್ದಾನೆ ಎಂಬುದು ಅದರ ಸಾರ. ಪತ್ರಿಕೆ ನಡೆಸುತ್ತಿದ್ದವನು ಜಾನ್ ಹೌಟನ್. ವೃತ್ತಿಯಿಂದ ಔಷಧ ವ್ಯಾಪಾರಿ, ಜೊತೆಗೆ ರಾಯಲ್ ಸೊಸೈಟಿಯ ಸದಸ್ಯ. ಬೇಸಾಯ ಮತ್ತು ವ್ಯಾಪಾರದ ಸುಧಾರಣೆಗೆಂದು ಆತ ಹೊರಡಿಸುತ್ತಿದ್ದ, ಧಾನ್ಯದ ಧಾರಣೆ ಪ್ರಕಟಿಸುವ ಹಾಳೆಯಲ್ಲೇ ವಧುವಿನ ಅನ್ವೇಷಣೆಯೂ ಆರಂಭವಾಯಿತು!

ಪತ್ರಿಕೆಗಳಲ್ಲಿ ಕಾಣಿಸಿಕೊಂಡ ಅತ್ಯಂತ ಹಳೆಯ ವಿವಾಹ ಜಾಹೀರಾತುಗಳಲ್ಲಿ ಇದೂ ಒಂದು. ಇದರಲ್ಲಿ ಗಮನಿಸಬೇಕಾದದ್ದು ‘ಹೇಳಿಕೊಳ್ಳುವ’ ಎಂಬ ಒಂದೇ ಒಂದು ಪದ. ಆಸ್ತಿ ನಿಜವಾಗಿ ಇದೆಯೋ ಇಲ್ಲವೋ, ಅದಕ್ಕೆ ಪತ್ರಿಕೆ ಹೊಣೆಯಲ್ಲ. ಗುರುತಿಲ್ಲದ ವ್ಯಕ್ತಿಯ ಮುಂದೆ ನಾಲ್ಕು ಸಾಲಿನಲ್ಲಿ ತನ್ನನ್ನು ತಾನೇ ಬಣ್ಣಿಸಿಕೊಳ್ಳುವ ಈ ಕಲೆಯ ಬೆನ್ನಿಗೆ ಹುಟ್ಟಿದಾಗಲೇ ಸಂಶಯವೂ ಅಂಟಿಕೊಂಡಿತ್ತು. ಇಂದು ಡೇಟಿಂಗ್ ಆ್ಯಪ್‌ನಲ್ಲಿ ‘ಪ್ರೊಫೈಲ್’ ಬರೆಯಲು ಕುಳಿತು ತಲೆ ಕೆರೆದುಕೊಳ್ಳುವ ಯುವಕ ಯುವತಿಯರು ಮಾಡುತ್ತಿರುವುದೂ ಇದೇ ಕೆಲಸವನ್ನು. ಕಾಲಕಾಲಕ್ಕೆ ಬದಲಾದದ್ದು, ಬರೆಯುವವರ ಭುಜದ ಹಿಂದಿನಿಂದ ಇಣುಕುವವರು ಯಾರು ಎಂಬುದು ಮಾತ್ರ.

ಹಾಗೆ ಇಣುಕಿದವರಲ್ಲಿ ಪೊಲೀಸರೂ ಇದ್ದರು. 1915ರಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, ಆಲ್‌ಫ್ರೆಡ್ ಬ್ಯಾರೆಟ್ ಎಂಬಾತ ಲಂಡನ್ನಿನಲ್ಲಿ ಇಂಥ ಜಾಹೀರಾತುಗಳಿಗೆಂದೇ ಒಂದು ಪತ್ರಿಕೆ ಆರಂಭಿಸಿದ. ಮುಂದೆ ಅದು ‘ದಿ ಲಿಂಕ್’ ಎಂದು ಹೆಸರಾಯಿತು. ಕೇವಲ ಮದುವೆಗಲ್ಲ, ಸ್ನೇಹಕ್ಕೆ, ಪತ್ರವ್ಯವಹಾರಕ್ಕೆ, ಒಂಟಿತನ ನೀಗಿಕೊಳ್ಳುವುದಕ್ಕೆ ಅಲ್ಲಿ ಜನ ಬರೆಯುತ್ತಿದ್ದರು. ಕೆಲವು ಗಂಡಸರು ತಮ್ಮನ್ನು ‘ಕಲಾಪ್ರಿಯ’, ‘ಸಂಗೀತಾಸಕ್ತ’, ‘ಸಂಪ್ರದಾಯಕ್ಕೆ ಕಟ್ಟುಬೀಳದವ’ ಎಂದು ಬಣ್ಣಿಸಿಕೊಂಡು ಗಂಡಸರ ಸ್ನೇಹವನ್ನೇ ಕೋರುತ್ತಿದ್ದರು. ಬಲ್ಲವರಿಗೆ ಆ ಪದಗಳ ಅರ್ಥ ತಿಳಿಯುತ್ತಿತ್ತು. ಪುರುಷರ ಸಲಿಂಗ ಸಂಬಂಧ ಇಂಗ್ಲೆಂಡಿನಲ್ಲಿ ಅಪರಾಧವಾಗಿದ್ದ ಕಾಲವದು. ನೇರವಾಗಿ ಬರೆದರೆ ಸೆರೆಮನೆ. ಬರೆಯದಿದ್ದರೆ ಯಾರೂ ಸಿಗುವುದಿಲ್ಲ.

ಕೊನೆಗೆ ಪದಗಳ ಮರೆಯೂ ಅವರನ್ನು ಉಳಿಸಲಿಲ್ಲ. ಜಾಹೀರಾತಿನ ಮೂಲಕ ಪರಿಚಯವಾದವರು ಪರಸ್ಪರ ಬರೆದ ಪತ್ರಗಳು ಪೊಲೀಸರ ಕೈಸೇರಿದವು. 1921ರಲ್ಲಿ ವಿಚಾರಣೆ ನಡೆದು, ಸಾರ್ವಜನಿಕ ನೀತಿಯನ್ನು ಕೆಡಿಸುವ ಸಂಚಿನ ಆರೋಪದಲ್ಲಿ ಬ್ಯಾರೆಟ್‌ಗೆ ಎರಡು ವರ್ಷಗಳ ಕಠಿಣ ಶಿಕ್ಷೆಯಾಯಿತು. ಅಲ್ಲಿಗೆ ಪತ್ರಿಕೆಯ ಕಥೆಯೂ ಮುಗಿಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಕಾನೂನು ಸಡಿಲವಾದದ್ದು 1967ರಲ್ಲಿ. ಭಾರತದಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಸುಪ್ರೀಂ ಕೋರ್ಟ್ ಅಪರಾಧಮುಕ್ತಗೊಳಿಸಿದ್ದು 2018ರ ಸೆಪ್ಟೆಂಬರ್ 6ರಂದು. ಪ್ರೊಫೈಲ್‌ನಲ್ಲಿ ಒಂದು ಪದ ಬರೆಯುವುದು ಎಲ್ಲರಿಗೂ ಬರೀ ಹುಡುಗಾಟವಾಗಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಪೊಲೀಸರ ನಂತರ ಇಣುಕಿದ್ದು ಗಣಕಯಂತ್ರ. 1965ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಜೆಫ್ ಟಾರ್ ಮತ್ತು ವಾನ್ ಮೋರಿಲ್ ‘ಆಪರೇಷನ್ ಮ್ಯಾಚ್’ ಆರಂಭಿಸಿದರು. ತನ್ನ ಬಗ್ಗೆ ಒಂದಷ್ಟು ಪ್ರಶ್ನೆ, ಬಯಸುವವರ ಬಗ್ಗೆ ಒಂದಷ್ಟು ಪ್ರಶ್ನೆ. ಉತ್ತರ ತುಂಬಿ 3 ಡಾಲರ್ ಜೊತೆ ಕಳಿಸಿದರೆ, ಬಾಡಿಗೆ ಯಂತ್ರ ಲೆಕ್ಕಹಾಕಿ ಹೊಂದುವವರ ಹೆಸರುಗಳನ್ನು ಕೊಡುತ್ತಿತ್ತು. ಇವರ ಜೊತೆ ಸೇರಿದ್ದ ಡಗ್ಲಸ್ ಗಿನ್ಸ್‌ಬರ್ಗ್ ಮುಂದೆ ನ್ಯಾಯಾಧೀಶರಾಗಿ, 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೇ ನಾಮಕರಣಗೊಂಡು ಹಿಂದೆ ಸರಿದರು. ಯಂತ್ರಕ್ಕೆ ಹಾಸ್ಯವಾಗಲಿ ಸಂಕೋಚವಾಗಲಿ ತಿಳಿಯದು. ಹಾಗಾಗಿ ಸ್ವಂತ ವಾಕ್ಯಗಳಿಗೆ ಅಲ್ಲಿ ಬೆಲೆ ಇರಲಿಲ್ಲ. ಆ ವಾಕ್ಯಗಳು ಮರಳಿ ಬಂದದ್ದು 1995ರಲ್ಲಿ, ಗ್ಯಾರಿ ಕ್ರೆಮೆನ್ ‘ಮ್ಯಾಚ್ ಡಾಟ್ ಕಾಮ್’ ತೆರೆದ ಮೇಲೆ. 2012ರಲ್ಲಿ ಬಂದ ಟಿಂಡರ್ ಅವನ್ನು 500 ಅಕ್ಷರಗಳಿಗೆ ಇಳಿಸಿ ಮುಂದಿನ ಸಾಲಿಗೆ ಫೋಟೊವನ್ನು ತಂದಿತು.

ಅಂತರ್ಜಾಲದಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆಂಬ ದೂರಿನಲ್ಲಿ ಹುರುಳಿದೆಯೆ? 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಸಂಶೋಧಕರು ನ್ಯೂಯಾರ್ಕಿನ 80 ಮಂದಿ ಬಳಕೆದಾರರನ್ನು ಕರೆಸಿ, ಅಳತೆಪಟ್ಟಿಯಿಂದ ಎತ್ತರ ಅಳೆದು, ತೂಕ ನೋಡಿ, ಡ್ರೈವಿಂಗ್ ಲೈಸೆನ್ಸಿನಿಂದ ವಯಸ್ಸು ತಿಳಿದು ಪ್ರೊಫೈಲ್ ಜೊತೆ ಹೋಲಿಸಿದರು. ಶೇ 81ರಷ್ಟು ಮಂದಿ ಮೂರರಲ್ಲಿ ಒಂದಾದರೂ ವಿಷಯವನ್ನು ತಪ್ಪಾಗಿ ಬರೆದಿದ್ದರು! ಆದರೆ ಹೆಚ್ಚಿನವು ಬಲು ಚಿಕ್ಕ ಸುಳ್ಳುಗಳು: ಗಂಡಸರ ಎತ್ತರ ಸ್ವಲ್ಪ ಏರಿತ್ತು, ಹೆಂಗಸರ ತೂಕ ಸ್ವಲ್ಪ ಇಳಿದಿತ್ತು. ನಾಳೆ ಎದುರುಬದುರು ಕೂರಬೇಕಾದವರು ಹಿಡಿಸಲಾಗದಷ್ಟು ದೊಡ್ಡ ಸುಳ್ಳು ಹೇಳುವುದು ಕಷ್ಟ.

ಹಾಗಾದರೆ ಏನು ಬರೆದರೆ ಮನಸ್ಸಿಗೆ ಹಿಡಿಸುತ್ತದೆ? ಖಾಲಿದ್ ಖಾನ್ ಮತ್ತು ಸಮೀರ್ ಚೌಧರಿ 2015ರಲ್ಲಿ, ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿ ವೈದ್ಯಕೀಯ ನಿಯತಕಾಲಿಕವೊಂದರಲ್ಲಿ ಉತ್ತರ ಕೊಟ್ಟರು. ಶೇ 70 ತನ್ನ ಬಗ್ಗೆ, ಶೇ 30 ತಾನು ಬಯಸುವವರ ಬಗ್ಗೆ ಇರಲಿ. ಭಾಷೆ ಸರಳವಾಗಿರಲಿ. ‘ನಾನು ಹಾಸ್ಯಪ್ರಿಯ’ ಎಂದು ಬರೆಯುವ ಬದಲು ಓದುವವರನ್ನು ನಗಿಸುವಂತೆ ಬರೆಯಿರಿ ಎನ್ನುತ್ತದೆ ಅವರ ಸಲಹೆ. ಕೊನೆಯ ಮಾತು ಚಿನ್ನದಂಥದ್ದು. ‘ಪ್ರವಾಸ, ಸಂಗೀತ ಇಷ್ಟ’ ಎಂಬ ಸಾಲು ಯಾರಿಗಾದರೂ ಒಪ್ಪುತ್ತದೆ. ಆದ್ದರಿಂದ ಅದು ಯಾರನ್ನೂ ತೋರಿಸುವುದಿಲ್ಲ. ಭಾನುವಾರ ಬೆಳಿಗ್ಗೆ ಅಜ್ಜನ ಹಳೆಯ ರೇಡಿಯೊ ಬಿಚ್ಚಿ ಕೂರುವವನು ಎಂದರೆ, ಮಾತನಾಡಿಸಲು ಒಂದು ಎಳೆ ಸಿಗುತ್ತದೆ.

ನಮ್ಮಲ್ಲಿ ಈ ‘ನಾನು’ ಎಂಬ ಪದವೇ ತಡವಾಗಿ ಬಂತು. ಕನ್ನಡ ದಿನಪತ್ರಿಕೆಗಳ ವಧು-ವರ ಅಂಕಣದಲ್ಲಿ ಮಾತನಾಡುತ್ತಿದ್ದವರು ಹೆಚ್ಚಾಗಿ ಅಪ್ಪ, ಅಮ್ಮ, ಅಣ್ಣ. ಜಾತಿ, ಗೋತ್ರ, ನಕ್ಷತ್ರ, ವಿದ್ಯೆ, ಎತ್ತರ, ಸಂಬಳ; ಹೆಣ್ಣಾದರೆ ಮೈಬಣ್ಣ; ಕೊನೆಗೆ ‘ಜಾತಕ ಸಹಿತ ಬರೆಯಿರಿ’. ಪದಕ್ಕಿಷ್ಟು ದುಡ್ಡು ತೆರಬೇಕಾದಾಗ ಹುಡುಗಿಗೆ ಯಾವ ಪುಸ್ತಕ ಇಷ್ಟ ಎಂದು ಬರೆಯುವವರು ಯಾರು? ವಿವಾಹ ಜಾಲತಾಣಗಳು ಬಂದ ಮೇಲೂ ಪ್ರೊಫೈಲ್ ತುಂಬುತ್ತಿರುವುದು ತಾವೋ, ಪೋಷಕರೋ, ಒಡಹುಟ್ಟಿದವರೋ ಎಂಬ ಪ್ರಶ್ನೆ ಆರಂಭದಲ್ಲೇ ಎದುರಾಗುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ ಈ ತಾಣಗಳಿಗೆ ಮಾರ್ಗಸೂಚಿ ಹೊರಡಿಸಿ, ತಾವು ಡೇಟಿಂಗ್ ತಾಣವಲ್ಲವೆಂದು ಸ್ಪಷ್ಟವಾಗಿ ತಿಳಿಸಬೇಕೆಂದಿತು. ಮೈಬಣ್ಣದ ಆಧಾರದಲ್ಲಿ ಹುಡುಕುವ ಸೌಲಭ್ಯವನ್ನು ‘ಶಾದಿ ಡಾಟ್ ಕಾಮ್’ ತೆಗೆದುಹಾಕಿದ್ದು 2020ರ ಜೂನ್‌ನಲ್ಲಿ, ಬಳಕೆದಾರರ ಪ್ರತಿಭಟನೆಯ ನಂತರ.

ಈಗ ಬೆಂಗಳೂರಿನ ಒಬ್ಬನೇ ಯುವಕನಿಗೆ ಎರಡು ಪ್ರೊಫೈಲ್ ಇರುವುದು ಅಪರೂಪವೇನಲ್ಲ. ವಿವಾಹ ತಾಣದಲ್ಲಿ ಅಪ್ಪ ಬರೆದದ್ದು ಒಂದು, ಮೊಬೈಲಿನಲ್ಲಿ ತಾನೇ ಬರೆದುಕೊಂಡದ್ದು ಇನ್ನೊಂದು. ಮೊದಲನೆಯದರಲ್ಲಿ ಗೋತ್ರ, ಸಂಬಳ. ಎರಡನೆಯದರಲ್ಲಿ ಬೆಟ್ಟದ ತುದಿಯ ಫೋಟೊ, ಸಾಕುನಾಯಿ. ಎತ್ತರ ಮಾತ್ರ ಎರಡರಲ್ಲೂ ಒಂದೇ, ಬಹುಶಃ ಅರ್ಧ ಅಂಗುಲ ಹೆಚ್ಚಾಗಿ.