ಲುಪ್ತನೃತ್ಯವೂ ವಿಮರ್ಶೆಯೂ

ಕಾವ್ಯಕ್ಕೆ ಓಲೆಯುಂಟು, ಶಿಲ್ಪಕ್ಕೆ ಕಲ್ಲುಂಟು. ನೃತ್ಯಕ್ಕಾದರೋ ಬಹುಮಟ್ಟಿಗೆ ಕಂಡವರ ಮಾತೇ ಆಧಾರ. ಇದಕ್ಕೊಂದು ನಿದರ್ಶನವನ್ನು ಕೊಡಬಹುದು. 1913ನೆಯ ಮೇ 29ರಂದು ಪ್ಯಾರಿಸ್ ನಗರದಲ್ಲಿ, ಸ್ಟ್ರಾವಿನ್‌ಸ್ಕಿಯ ಸಂಗೀತಕ್ಕೆ ನಿಜಿನ್‌ಸ್ಕಿಯು ಸಂಯೋಜಿಸಿದ ‘ದಿ ರೈಟ್ ಆಫ್ ಸ್ಪ್ರಿಂಗ್’ ಎಂಬ ನೃತ್ಯರೂಪಕವು ಪ್ರದರ್ಶಿತವಾದಾಗ ಸಭೆಯಲ್ಲಿ ಕೋಲಾಹಲವೆದ್ದಿತು. ಪತ್ರಿಕೆಗಳಲ್ಲಿ ಅನೇಕರು ಅದನ್ನು ಹಳಿದರು. ಅದೇ ವರ್ಷದ ನವೆಂಬರಿನಲ್ಲಿ ಝಾಕ್ ರಿವಿಯೇರನು ದೀರ್ಘಲೇಖನವೊಂದರಲ್ಲಿ ಅದರ ಚಲನಕ್ರಮವನ್ನು ವಿವರಿಸಿ ಎತ್ತಿಹಿಡಿದನು. ಕೆಲವೇ ಪ್ರಯೋಗಗಳ ಅನಂತರ ಆ ನೃತ್ಯಸಂಯೋಜನೆಯು ಲುಪ್ತವಾಯಿತು.

1987ರಲ್ಲಿ ಮಿಲಿಸೆಂಟ್ ಹಾಡ್ಸನ್ ಅವರು ಅದನ್ನು ಪುನಾರಚಿಸಿದಾಗ, ರೇಖಾಚಿತ್ರಗಳೊಡನೆಯೂ ಸ್ಮರಣೆಗಳೊಡನೆಯೂ ಈ ವಿಮರ್ಶೆಗಳೂ ಆಕರಗಳಾದುವು. ಒಳಮುಖವಾದ ಪಾದಗಳನ್ನು ಪರಿಹಾಸ್ಯಮಾಡಿದ ನಿಂದಕನು ಸಹ, ತಾನರಿಯದೆಯೇ ಆ ಭಂಗಿಗೆ ಸಾಕ್ಷಿಯಾದನು. ವಿಮರ್ಶಕನ ತೀರ್ಪು ಕಾಲದೊಡನೆ ಸವೆಯಬಹುದು. ಕಂಡುದನ್ನು ಕಂಡಂತೆ ಬರೆದ ಮಾತು ಪ್ರಮಾಣವಾಗಿ ನಿಲ್ಲುವುದು.